ಹಂಪವ್ವನ ಮೊಣಕಾಲಿನ ಪ್ರಶ್ನೆ

ಪ್ರಶ್ನೋತ್ತರ ವೇಳೆಗೆ ಮುಂಚೆ ವಿಧಾನಸಭೆಯ ಗ್ಯಾಲರಿಯಲ್ಲಿ ಮೊಣಕಾಲು ನೋವಿಗೆ ಕೋಲೂರಿಕೊಂಡು ಬಂದಿದ್ದ ಹಂಪವ್ವನ ಕೈಗೆ ನೋವು ಸಾಗಿಸುವ ಪಟ್ಟಿಯೊಂದನ್ನು ಕಟ್ಟಿದರು. ಕೆಳಗೆ ಆರೋಗ್ಯ ಮಂತ್ರಿಗಳೂ ಎಂದಿನಂತೆ ಅಂಥದ್ದನ್ನೇ ಕಟ್ಟಿಸಿಕೊಂಡರು. ಯಾರ ನೋವಿನ ಪ್ರಶ್ನೆಯೋ ಅವರ ನೋವನ್ನು ಹೊತ್ತುಕೊಂಡೇ ಉತ್ತರ ಕೊಡಬೇಕೆಂಬ ಕಾನೂನು ಹಳೆಯದಾಗಿತ್ತು. ಪ್ರಶ್ನೆ ಕೇಳಿದ ಶಾಸಕರು ‘ಉತ್ತರ ಸಮಾಧಾನ ತಂದಿದೆ’ ಎಂದಾಗಲೇ ನೋವು ಮೊದಲಿನವರಿಗೆ ಮರಳಿ ಹೋಗುತ್ತಿತ್ತು. ದಾಕ್ಷಿಣ್ಯಕ್ಕೆ ಬಿದ್ದು ಎಲ್ಲರೂ ಎರಡೇ ನಿಮಿಷಕ್ಕೆ ಹಾಗೆ ಅಂದುಬಿಡುತ್ತಿದ್ದರು.

ಶಾಸಕಿ ಗಂಗಾಂಬಿಕಾ ಎದ್ದರು. “ನಮ್ಮ ತಾಲ್ಲೂಕು ಆಸ್ಪತ್ರಿಗೆ ಎಲುಬಿನ ಡಾಕ್ಟರು ಯಾವಾಗ ಬರ್ತಾರ್ರಿ?”

ಹಂಪವ್ವನ ಮೊಣಕಾಲು ತಟ್ಟನೆ ಹಗುರಾಯಿತು. ಮಂತ್ರಿಗಳು ಮೇಜು ಹಿಡಿದುಕೊಂಡು, “ಪ್ರಸ್ತಾವನೆ ಪರಿಶೀಲನೆಯಲ್ಲಿದೆ,” ಎಂದರು.

ಶಾಸಕಿ ಆ ಮಾತು ಅನ್ನದೆ ಕೂತರು. ಸಭಾಧ್ಯಕ್ಷರು, “ಸಮಾಧಾನ ಆಯ್ತೇನಮ್ಮಾ?” ಎಂದು ಕೇಳಿದರು.

“ಡಾಕ್ಟರು ಬಂದ ದಿನ ಹೇಳ್ತೀನ್ರಿ.”

ಸದನ ದಂಗಾಯಿತು. ಹಾಗೆ ಯಾರೂ ಅಂದದ್ದೇ ಇರಲಿಲ್ಲ. ಮಂತ್ರಿಗಳು ಹಲ್ಲು ಕಚ್ಚಿಕೊಂಡು ಗ್ಯಾಲರಿಯತ್ತ ನೋಡಿದರು. “ಅಮ್ಮಾ, ಇದನ್ನ ಇಟ್ಕೊಂಡು ಎಷ್ಟು ದಿನ ಓಡಾಡಿದ್ರಿ?”

ಗ್ಯಾಲರಿಯವರು ಮಾತಾಡಬಾರದೆಂಬ ನಿಯಮ ಮರೆತು ಹಂಪವ್ವ ಹೇಳಿದಳು: “ಆರು ವರ್ಷ ಆತ್ರೀ.”

ಮಂತ್ರಿಗಳು ಬಗ್ಗಿ ತಮ್ಮ ಮೊಣಕಾಲು ಹಿಡಿದುಕೊಂಡರು. ಆಮೇಲೆ ಸಭಾಧ್ಯಕ್ಷರ ಕಡೆ ತಿರುಗಿದರು. “ಸೋಮವಾರ ಡಾಕ್ಟರು ಅಲ್ಲಿರ್ತಾರೆ. ಅಲ್ಲೀವರೆಗೂ ಇದು ನನ್ನ ಹತ್ರಾನೇ ಇರ್ಲಿ.”

ಹಂಪವ್ವ ಮೆಟ್ಟಿಲುಗಳನ್ನು ದಡದಡನೆ ಇಳಿದಳು. ಬಾಗಿಲಲ್ಲಿದ್ದ ಪೊಲೀಸಿನವನು ಹಿಂದಿನಿಂದ ಕೂಗಿದ: “ಯವ್ವಾ, ನಿಮ್ಮ ಕೋಲು!”

“ಮಂತ್ರಿಗೋಳಿಗೆ ಕೊಡೋ ತಮ್ಮಾ,” ಎಂದಳು ಹಂಪವ್ವ, ತಿರುಗಿಯೂ ನೋಡದೆ. “ಪಾಪ, ಮನೀತನಕ ನಡೀಬೇಕಲ್ಲ.”