ಮುಖ ಮುಚ್ಚುವ ಮೊದಲು

“ನಿಮಗೆ ಯಾವುದರ ಬಗ್ಗೆ ಭಯ ಇದೆ?” ಎಂದು ಡಾಕ್ಟರಮ್ಮ ರೋಗಿಯನ್ನು ನೇರವಾಗಿ ಕೇಳಿಯೇಬಿಟ್ಟರು.

ಅವನ ಹೆಂಡತಿ ಬೇಡವೆಂದು ಕೈಸನ್ನೆ ಮಾಡಿದಳು. ಡಾಕ್ಟರಮ್ಮ ಚಪ್ಪಲಿ ಬಿಡುವಾಗಲೇ ಅವರನ್ನು ಬಾಗಿಲಲ್ಲಿ ತಡೆದು ಹೇಳಿದ್ದಳು: “ಆ ಮಾತೊಂದು ಅವರ ಮುಂದೆ ಎತ್ತಬೇಡಿ ಡಾಕ್ಟರೇ. ಗಟ್ಟಿ ಜೀವ, ಆದ್ರೆ ಧೈರ್ಯ ಕುಸಿದ್ರೆ ಅಷ್ಟೇ.” ದೊಡ್ಡಾಸ್ಪತ್ರೆಯವರು ಕೈಚೆಲ್ಲಿದ ಮೇಲೆ ಮನೆಗೆ ಬರತೊಡಗಿದ್ದ ಡಾಕ್ಟರು ಇವರು. ವಾಸಿ ಮಾಡಲು ಬರುವವರಲ್ಲ, ನೋವು ತಗ್ಗಿಸಲು ಬರುವವರು. ಗಂಡನಿಗೆ ಮಾತ್ರ ಅವಳು “ಶಕ್ತಿ ಬರೋಕೆ ಔಷಧಿ ಕೊಡೋ ಡಾಕ್ಟರು” ಎಂದು ಹೇಳಿ ಸುಮ್ಮನಾಗಿಸಿದ್ದಳು. ನೋಡಲು ಬಂದ ನೆಂಟರಿಗೂ ಅಷ್ಟೇ, ಕಣ್ಣೊರೆಸಿಕೊಂಡು ನಗುತ್ತ ಒಳಗೆ ಹೋಗಿ ಎಂದು ಕಟ್ಟಪ್ಪಣೆ.

“ಇವರಿಗೆಂಥ ಭಯ?” ಎಂದು ಅವಳು ನಡುವೆ ಬಾಯಿ ಹಾಕಿದಳು. “ಅಷ್ಟೆತ್ತರದಲ್ಲಿ ಜೋತುಬಿದ್ದು ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ನಾಲ್ಕು ದಿನ ಹೊಟ್ಟೆಗೆ ಸರಿಯಾಗಿ ಬಿದ್ರೆ ಎದ್ದು ಓಡಾಡ್ತಾರೆ ನೋಡಿ.”

ಮಂಚದ ಮೇಲಿದ್ದ ಮೆಕ್ಯಾನಿಕ್ ಸೂರನ್ನೇ ನೋಡುತ್ತಿದ್ದ. ಹೊಟ್ಟೆಯ ಗಡ್ಡೆ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಉಗುರ ಸಂದಿಯ ಗ್ರೀಸ್ ಮಾತ್ರ ಇನ್ನೂ ಪೂರ್ತಿ ಹೋಗಿರಲಿಲ್ಲ. ಡಾಕ್ಟರಮ್ಮ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಕಾಯುವುದೇ ತಮ್ಮ ಕೆಲಸ ಎಂಬಂತೆ ಕುಳಿತರು. ಹೊರಗೆ ಯಾರೋ ಸ್ಕೂಟರನ್ನು ಒದ್ದು ಒದ್ದು ಸುಸ್ತಾಗುತ್ತಿದ್ದರು.

“ಸಾಯೋದಕ್ಕಲ್ಲ,” ಎಂದ ಅವನು ಕೊನೆಗೆ.

ಕಾಯಿಲೆ ಬಂದ ಮೇಲೆ ಆ ಮನೆಯಲ್ಲಿ ಆ ಮಾತು ಕೇಳಿಬಂದದ್ದು ಇದೇ ಮೊದಲು. ಅವಳಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

“ಒಂದ್ಸಲ ಎರಡು ಮಹಡಿ ಮಧ್ಯೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದೆ ಡಾಕ್ಟರೇ. ಕರೆಂಟಿಲ್ಲ, ಕಗ್ಗತ್ತಲು. ಮೇಲೆ ಜನ ಬಂದ್ರು. ‘ಒಳಗೆ ಯಾರೂ ಇಲ್ಲ, ನಡೀರಿ’ ಅಂದ ಒಬ್ಬ. ಕೂಗಬೇಕು ಅಂತೀನಿ, ಗಂಟಲೇ ಕಟ್ಟಿಹೋಗಿದೆ. ಅವರು ಹೊರಟುಹೋಗೋ ಕಾಲ್ಸಪ್ಪಳ ಕೇಳ್ತಾ ಕೂತಿದ್ದೆ.” ಅವನು ಒಣಗಿದ ತುಟಿ ಸವರಿಕೊಂಡ. “ನನ್ನ ಕೊನೇ ದಿನಾನೂ ಹಾಗೇ ಆದ್ರೆ? ನಾನಿನ್ನೂ ಒಳಗೇ ಇರ್ತೀನಿ. ಇವರೆಲ್ಲ ಮುಗೀತು ಅಂತ ಮುಖದ ಮೇಲೆ ಬಟ್ಟೆ ಎಳೆದುಬಿಟ್ರೆ?”

“ಬಿಡ್ತು ಅನ್ನಿ!” ಎಂದು ಅವಳು ಚೀರಿದಳು.

ಲಿಫ್ಟಿನ ಕಥೆಯನ್ನು ಅವನು ಎಷ್ಟೋ ಸಲ ಹೇಳಿ ನೆಂಟರಿಷ್ಟರನ್ನೆಲ್ಲ ನಗಿಸಿದ್ದ. ಕಾಲ್ಸಪ್ಪಳದ ವಿಷಯ ಮಾತ್ರ ಅವಳಿಗೂ ಹೇಳಿರಲಿಲ್ಲ. ಹೊದಿಕೆಯನ್ನು ಎದೆಯಿಂದ ಮೇಲಕ್ಕೆ ಎಳೆಯಗೊಡದೆ, ಕೋಣೆಯ ಬಾಗಿಲು ಹಾಕಗೊಡದೆ ಅವನು ಹಟ ಮಾಡುತ್ತಿದ್ದುದನ್ನು ಅವಳು ಇಷ್ಟು ದಿನ ಸೆಕೆಗೆ ಎಂದುಕೊಂಡಿದ್ದಳು.

“ತುಂಬಾ ಜನಕ್ಕೆ ಇರೋ ಭಯ ಇದು. ಬಾಯಿಬಿಟ್ಟು ಹೇಳೋರು ಕಮ್ಮಿ,” ಎಂದರು ಡಾಕ್ಟರಮ್ಮ. “ಆವತ್ತು ನಾನೇ ಬಂದು ನೋಡ್ತೀನಿ. ಮೊದಲು ಜೋರಾಗಿ ಕೂಗ್ತೀನಿ. ಕಣ್ಣಿಗೆ ಟಾರ್ಚ್ ಬಿಡ್ತೀನಿ. ಕುತ್ತಿಗೆ ನಾಡಿ ಮುಟ್ಟಿ ನೋಡ್ತೀನಿ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿಸ್ಕೋತೀನಿ. ಸ್ವಲ್ಪ ಬಿಟ್ಟು ಮತ್ತೆ ಮೊದಲಿಂದ. ಅವಸರ ಮಾಡಲ್ಲ.”

“ನೀವು ಬರೋದು ತಡವಾದ್ರೆ?”

“ಆಗಬಹುದು. ಇಲ್ಲ ಅಂತ ಸುಳ್ಳು ಹೇಳಲ್ಲ. ಅಲ್ಲಿವರೆಗೆ ನಿಮ್ಮ ಮುಖ ಯಾರೂ ಮುಚ್ಚದ ಹಾಗೆ ಕಾಯೋರು ಒಬ್ಬರು ಬೇಕು.”

ಇಬ್ಬರೂ ಅವಳತ್ತ ತಿರುಗಿದರು. ಅವಳು ಕಿಟಕಿಯಲ್ಲಿದ್ದ ಔಷಧಿ ಬಾಟಲಿಗಳನ್ನು ಸುಮ್ಮಸುಮ್ಮನೆ ಸರಿಸತೊಡಗಿದಳು. ಹೂಂ ಎಂದರೆ ಅವನು ಸಾಯುತ್ತಾನೆಂದು ತಾನೇ ಒಪ್ಪಿಕೊಂಡಂತೆ. ಉಹೂಂ ಎಂದರೆ ಅವನನ್ನು ಆ ಕತ್ತಲಲ್ಲಿ ಒಬ್ಬನೇ ಬಿಟ್ಟು ಹೋದಂತೆ.

ಅವನು ಅವಳನ್ನು ಒತ್ತಾಯಿಸಲಿಲ್ಲ. “ಎಲ್ಲಿ ಡಾಕ್ಟರೇ, ಒಂದ್ಸಲ ಮಾಡಿ ತೋರಿಸಿ. ಟ್ರಯಲ್ ನೋಡದೆ ನಾನು ಯಾವ ಲಿಫ್ಟನ್ನೂ ಓಡಿಸಿದವನಲ್ಲ,” ಎಂದು ಕಣ್ಣು ಮುಚ್ಚಿದ.

“ಯಜಮಾನ್ರೇ! ಕೇಳಿಸ್ತಿದೆಯಾ, ಯಜಮಾನ್ರೇ?”

ಉತ್ತರವಿಲ್ಲ. ಡಾಕ್ಟರಮ್ಮ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಕುತ್ತಿಗೆಯ ಪಕ್ಕಕ್ಕೆ ಎರಡು ಬೆರಳು ಒತ್ತಿದರು. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ತಲೆ ಬಾಗಿಸಿದರು. ಅವನು ಉಸಿರು ಬಿಗಿಹಿಡಿದಿದ್ದ. ಏರಿಳಿಯುತ್ತಿದ್ದ ಎದೆ ನಿಂತಿತ್ತು. ಗದ್ದ ಒಂದಿಷ್ಟು ಜೋತು, ಬಾಯಿ ಅರೆತೆರೆದಿತ್ತು. ಬರಿಯ ನಾಟಕವೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಮಂಚದ ಕಡೆಗೆ ಒಂದು ಹೆಜ್ಜೆ ಇಟ್ಟಳು. ಆ ದಿನ ಹೀಗೇ ಇರುತ್ತದೆ. ಇದೇ ಮಂಚ, ಕಿಟಕಿಯಿಂದ ಬರುವ ಇದೇ ಬೆಳಕು, ಕರೆದರೂ ಓಗೊಡದ ಇದೇ ಮುಖ.

“ಸಾಕು, ನಿಲ್ಸಿ!” ಅವಳು ಡಾಕ್ಟರ ಕೈಯನ್ನು ತಳ್ಳಿ ಅವನ ಕೆನ್ನೆಗಳನ್ನು ಎರಡೂ ಅಂಗೈಯಲ್ಲಿ ಹಿಡಿದಳು. “ಮುಚ್ಚೋಕೆ ಬಿಡಲ್ಲ ರೀ. ಯಾರು ಬಂದ್ರೂ ಬಿಡಲ್ಲ. ನನಗೆ ಭಯ ಆಗ್ತಿದೆ. ನೀವು ಹೋಗಿಬಿಡ್ತೀರ ಅಂತ ನನಗೆ ತುಂಬಾ ಭಯ ಆಗ್ತಿದೆ ರೀ...”

ಅವನು ಉಸಿರು ಬಿಟ್ಟು, ಕೆಮ್ಮಿ, ಕಣ್ಣು ತೆರೆದ. ಅವಳ ಕೈಗಳನ್ನು ಅವನು ಕೆನ್ನೆಯಿಂದ ಸರಿಸಲಿಲ್ಲ.

“ಬಾ, ಇಲ್ಲೇ ಕೂತ್ಕೋ,” ಎಂದ. “ಇಷ್ಟು ದಿನ ಈ ಮನೇಲಿ ನಾನೊಬ್ಬನೇ ಹೆದರ್ಕೊಂಡಿದ್ದೆ ಕಣೇ.”