ಕೈಯಿಂದ ಕೈಗೆ

“ಹೃದಯದ ಜೀವಕೋಶಗಳೂ ಹೀಗೇ ಕೈ ಕೈ ಹಿಡ್ಕೊಂಡಿರ್ತವೆ. ಒಂದು ಅದುಮಿದ್ರೆ ಪಕ್ಕದ್ದೂ ಅದುಮುತ್ತೆ. ಆಗಲೇ ಗುಂಡಿಗೆ ಬಡಿಯೋದು,” ಎಂದರು ಮಕ್ಕಳ ಜೊತೆ ಕೈ ಹಿಡಿದು ವೃತ್ತದಲ್ಲಿ ನಿಂತ ಟೀಚರ್.

ವೃತ್ತದಲ್ಲಿದ್ದ ಒಬ್ಬ ಹುಡುಗಿಯ ಬೆರಳುಗಳನ್ನು ಪಕ್ಕದಲ್ಲಿದ್ದ ಅವಳ ದೊಡ್ಡಪ್ಪನ ಮಗ ನಗುನಗುತ್ತಲೇ ಹಿಂಡಿ ಹಿಪ್ಪೆ ಮಾಡುತ್ತಿದ್ದ. ಮನೆಯಲ್ಲೂ ಇದೇ ಕಾಟ. ಹೇಳಿದರೆ ಅಮ್ಮ, “ಅಣ್ಣ ಅಲ್ವಾ, ಸಹಿಸ್ಕೋ,” ಎನ್ನುತ್ತಾಳೆ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ತುಟಿ ಕಚ್ಚಿ, ಅಷ್ಟೇ ಬಿಗಿಯಾಗಿ ಆಚೆಗಿದ್ದ ಗೆಳತಿಯ ಕೈ ಅದುಮಿದಳು. ಅದು ಕೈಯಿಂದ ಕೈಗೆ ದಾಟಿ ಟೀಚರ್‌ವರೆಗೂ ಹೋಯಿತು.

“ಅಬ್ಬಾ! ಯಾರೋ ಇಷ್ಟು ಜೋರಾಗಿ ಅದುಮಿದ್ದು?”

“ನಾನಲ್ಲ ಮಿಸ್, ಇವಳು!” ಒಬ್ಬೊಬ್ಬರಾಗಿ ಪಕ್ಕದವರನ್ನು ಗದ್ದದಿಂದಲೇ ತೋರಿಸಿದರು. ಕೊನೆಗೆ ಎಲ್ಲರ ಕಣ್ಣೂ ಹುಡುಗಿಯ ಮೇಲೆ ಬಿತ್ತು. ಅಣ್ಣ ತನ್ನ ಕೈ ಕೊಸರಿಕೊಳ್ಳಲು ನೋಡಿದ. ಈ ಸಲ ಅವಳು ಬಿಡಲಿಲ್ಲ. ಆ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು.