ಸರಿಯಾದ ಲೆಗ್ಗಿಂಗ್ಸ್

ವ್ಯಾಯಾಮ ಮಾಡಲೇಬೇಕೆಂದು ಡಾಕ್ಟರು ಗದರಿದ ಮೇಲೆ ಕಮಲಾಕ್ಷಮ್ಮ ಲೆಗ್ಗಿಂಗ್ಸ್ ಹುಡುಕಲು ಹೊರಟರು. ಸರಿಯಾದದ್ದು ಸಿಗುವವರೆಗೆ ವ್ಯಾಯಾಮ ಶುರುಮಾಡುವ ಮಾತೇ ಇರಲಿಲ್ಲ.

ಎರಡು ತಿಂಗಳಿಂದ ಅವರು ದಿನವೂ ಮೂರು ಮಹಡಿ ಹತ್ತಿ ಒಂದೇ ಬಟ್ಟೆಯಂಗಡಿಗೆ ಬರುತ್ತಿದ್ದರು. ಒಂದೊಂದನ್ನೂ ತೊಟ್ಟು ಕನ್ನಡಿಯ ಮುಂದೆ ಇಪ್ಪತ್ತು ಬಸ್ಕಿ ಹೊಡೆಯುವರು, ಬಗ್ಗಿ ಕಾಲ್ಬೆರಳು ಮುಟ್ಟುವರು, ನಿಂತಲ್ಲೇ ಓಡುವರು. ಆಮೇಲೆ ಏದುಸಿರು ಬಿಡುತ್ತ ತೀರ್ಪು ಕೊಡುವರು: "ಬಗ್ಗಿದ್ರೆ ಒಳಗಿಂದೆಲ್ಲ ಕಾಣತ್ತೆ. ಇನ್ನೊಂದು ಕೊಡಮ್ಮ."

ಮಾರುವ ಹುಡುಗಿ ಸುಗುಣಾ ಇನ್ನೊಂದು ಕೊಡುವಳು. ಮತ್ತೆ ಇಪ್ಪತ್ತು ಬಸ್ಕಿ.

"ಇವತ್ತು ಆಯಮ್ಮನಿಗೆ ಒಂದಾದ್ರೂ ಮಾರು. ಇಲ್ಲಾಂದ್ರೆ ನಾಳೆಯಿಂದ ಗೋಡೌನಿಗೆ ಹೋಗು" ಎಂದು ಅಂಗಡಿ ಮಾಲೀಕರು ಆ ದಿನ ಬೆಳಿಗ್ಗೆಯೇ ಹೇಳಿದ್ದರು. ಅದಕ್ಕೇ ಸುಗುಣಾ ಅಂಗಡಿಯಲ್ಲಿದ್ದುದರಲ್ಲೇ ಉತ್ತಮವಾದದ್ದನ್ನು, ದಪ್ಪ ಬಟ್ಟೆಯದನ್ನು, ತೆಗೆದಿಟ್ಟಿದ್ದಳು.

ಕಮಲಾಕ್ಷಮ್ಮ ಅದನ್ನು ತೊಟ್ಟು ಬಸ್ಕಿ ಮುಗಿಸಿದರು. "ಬಟ್ಟೆ ಚೆನ್ನಾಗಿದೆ, ಹೊಲಿಗೇನೂ ಚುಚ್ಚಲ್ಲ. ಆದ್ರೆ ಸೊಂಟದಲ್ಲಿ ಜಾರತ್ತಲ್ಲೇ!"

"ನಿಮ್ಮಳತೇದೇ ಆಂಟಿ. ಮೊದಲ್ನೇ ದಿನ ನಾನೇ ಅಳೆದಿದ್ದು, ನಲವತ್ತೆರಡು."

"ಇನ್ನೊಂದ್ಸಲ ಅಳಿ, ನೋಡೋಣ."

ಸುಗುಣಾ ಟೇಪು ಸುತ್ತಿದಳು. ಮೂವತ್ತೇಳು ಬಂತು. ನಂಬಲಾಗದೆ ಮತ್ತೊಮ್ಮೆ ಸುತ್ತಿದಳು. ಮೂವತ್ತೇಳೇ.

"ನೋಡಿದ್ಯಾ?" ಕಮಲಾಕ್ಷಮ್ಮ ಸೊಂಟದ ಮೇಲೆ ಕೈಯಿಟ್ಟರು. "ನೆಟ್ಟಗೆ ಅಳೆಯೋಕೂ ಬರದೆ ನನ್ನ ಎರಡು ತಿಂಗಳು ದಂಡ ಮಾಡ್ಬಿಟ್ಟೆ. ನಡಿ, ಮೂವತ್ತೇಳರದ್ದನ್ನೆಲ್ಲ ಮೊದಲಿಂದ ತೆಗಿ."